ಹಿರಿಯನಿರುವಾಗ ಕಿರಿಯನನ್ನು ತರಬೇಕೆ?

ಫುಟ್‌ಬಾಲ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ದುಂಡನೆಯ ಚೆಂಡು, ಅದನ್ನು ಕಾಲಿನಿಂದ ಒದ್ದು ಸಾಗಿಸುವ ಆಟಗಾರರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದೇ ಹೆಸರಿನಿಂದ ಕರೆಯಿಸಿಕೊಳ್ಳುವ ಆಟ ಬೇರೆಯದೇ ಒಂದು ಜಾತಿ. ಅಲ್ಲಿಯ ಚೆಂಡು ಎರಡು ತುದಿಗಳಲ್ಲಿಯೂ ಚೂಪು. ಅದು ಹೆಚ್ಚಾಗಿ ಸಂಚರಿಸುವುದು ಕೈಯಿಂದ ಕೈಗೆ. ಆ ಆಟದ ಸೋಲುಗೆಲುವುಗಳ ಪಟ್ಟಿಯನ್ನು ಒಪ್ಪಿಸುವುದು ಇಂದು ನನ್ನ ಉದ್ದೇಶವಲ್ಲ. ಪ್ರತಿ ವಸಂತದಲ್ಲಿಯೂ ಅಲ್ಲಿ ತಲೆಯೆತ್ತುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಚೆನ್ನಾಗಿಯೇ ಆಡುತ್ತಿರುವ ಹಿರಿಯನೊಬ್ಬ ಕಣದಲ್ಲಿರುವಾಗ, ನಾಳೆ ಅವನ ಸ್ಥಾನವನ್ನು ತುಂಬಲೆಂದು ಎಳೆಯನೊಬ್ಬನನ್ನು ಇಂದೇ ತಂದು ಬೆಳೆಸಬೇಕೆ? ಅಥವಾ ಆ ಹಿರಿಯನ ಬಲ ಇರುವಷ್ಟು ದಿನ ಅವನನ್ನೇ ನೆಚ್ಚಿ, ಅವನಿಗೆ ನೆರವಾಗುವವರನ್ನು ಕೂಡಿಸಿಕೊಡಬೇಕೆ?

ಪ್ರಶ್ನೆ ಅರ್ಥವಾಗಬೇಕಾದರೆ ಆಟದ ಎರಡು ಸಂಗತಿಗಳು ತಿಳಿದಿರಬೇಕು. ಮೊದಲನೆಯದು, ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಸ್ಥಾನ. ಪ್ರತಿ ಪಕ್ಷದಲ್ಲಿಯೂ 11 ಮಂದಿ. ಚೆಂಡು ಕೈಯಲ್ಲಿರುವ ಪಕ್ಷಕ್ಕೆ ನಾಲ್ಕು ಯತ್ನಗಳು. ಅಷ್ಟರಲ್ಲಿ ಅದು ಕನಿಷ್ಠ ಹತ್ತು ಗಜ ಮುಂದೆ ಸಾಗಬೇಕು. ಪ್ರತಿ ಯತ್ನಕ್ಕೂ ಮೊದಲೇ ಒಂದು ಹೂಟ ಸಿದ್ಧವಾಗಿರುತ್ತದೆ: ಯಾರು ಎತ್ತ ಓಡಬೇಕು, ಯಾರು ಯಾರನ್ನು ತಡೆಯಬೇಕು ಎಂಬುದೆಲ್ಲ ಗೊತ್ತುಪಡಿಸಿದ್ದು. ಆ ಹೂಟವನ್ನು ಸಂಗಡಿಗರಿಗೆ ತಿಳಿಸುವವನು, ಎದುರಾಳಿಗಳು ನಿಂತ ಬಗೆಯನ್ನು ಕಂಡು ಬೇಕಾದರೆ ಅದನ್ನು ನಿಂತ ನಿಲುವಿನಲ್ಲಿಯೇ ಬದಲಿಸುವವನು, ಚೆಂಡು ಕೈಗೆ ಬಂದ ಮೇಲೆ ಯಾರಿಗೆ ಎಸೆಯಬೇಕೆಂದು ನಿಶ್ಚಯಿಸುವವನು ಈ ಕ್ವಾರ್ಟರ್‌ಬ್ಯಾಕ್. ಈ ನಿಶ್ಚಯಕ್ಕೆ ಮೂರು ಸೆಕೆಂಡಿಗಿಂತ ಹೆಚ್ಚು ಕಾಲ ಅವನಿಗೆ ದೊರೆಯುವುದು ಅಪರೂಪ. ಆ ಮೂರು ಸೆಕೆಂಡುಗಳಲ್ಲಿಯೂ ಭಾರಿ ಮೈಕಟ್ಟಿನ ನಾಲ್ಕಾರು ಜನ ಅವನನ್ನು ಕೆಡಹಲು ನುಗ್ಗಿ ಬರುತ್ತಿರುತ್ತಾರೆ. ತೋಳಿನ ಬಲ ಹುಟ್ಟಿನಿಂದ ಬರಬಹುದು. ಈ ನೋಟ ಹುಟ್ಟಿನಿಂದ ಬರುವಂಥದಲ್ಲ. ಅದನ್ನು ಕಲಿಯಬೇಕು. ಕಲಿಯುವುದೆಲ್ಲಿ, ಎಷ್ಟು ದಿನ ಎಂಬುದೇ ವಾದದ ಮೂಲ.

ಎರಡನೆಯ ಸಂಗತಿ, ಡ್ರಾಫ್ಟ್ ಎಂಬ ಆಯ್ಕೆಯ ವ್ಯವಸ್ಥೆ. ಕಾಲೇಜುಗಳಲ್ಲಿ ಆಡಿ ಹೊರಬರುವ ತರುಣರನ್ನು ವೃತ್ತಿ ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ತೀರ ಹಿಂದೆ ಬಿದ್ದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು. ಫಿಲಡೆಲ್ಫಿಯ ತಂಡದ ಒಡೆಯ ಬರ್ಟ್ ಬೆಲ್ 1935ರಲ್ಲಿ ಸೂಚಿಸಿದ ಈ ಪದ್ಧತಿ 1936ರಲ್ಲಿ ಆಚರಣೆಗೆ ಬಂತು. ಈಗ 32 ತಂಡಗಳು, ಏಳು ಸುತ್ತುಗಳು. ಮೊಟ್ಟಮೊದಲ ಡ್ರಾಫ್ಟಿನಲ್ಲಿ ಮೊಟ್ಟಮೊದಲನೆಯವನಾಗಿ ಆಯ್ಕೆಯಾದ ಜೇ ಬರ್ವ್ಯಾಂಗರ್ ಎಂಬಾತ ವೃತ್ತಿ ಆಟವನ್ನು ಒಂದು ದಿನವೂ ಆಡಲಿಲ್ಲ. ಮನುಷ್ಯರನ್ನು ಮೊದಲೇ ಅಳೆದು ಬೆಲೆ ಕಟ್ಟುವ ಕೆಲಸ ಎಷ್ಟು ಅನಿಶ್ಚಿತವಾದದ್ದೆಂಬುದು ಅದರ ಜನ್ಮಲಗ್ನದಲ್ಲಿಯೇ ಬರೆದಿತ್ತು ಎನ್ನಬಹುದು.

ಮೊದಲ ಸುತ್ತಿನ ಹಕ್ಕು ಒಂದು ತಂಡಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ. ಅದನ್ನು ಇದೇ ವರ್ಷ ಕಣಕ್ಕಿಳಿಯಬಲ್ಲ ಆಟಗಾರನಿಗೆ ಖರ್ಚು ಮಾಡಿದರೆ ಫಲ ಕೂಡಲೇ ಕೈಗೆ ಬರುತ್ತದೆ. ಮೂರು ವರ್ಷ ಬೆಂಚಿನ ಮೇಲೆ ಕುಳಿತುಕೊಳ್ಳಲಿರುವ ಎಳೆಯನಿಗೆ ಖರ್ಚು ಮಾಡಿದರೆ ಈ ವರ್ಷದ ಮಟ್ಟಿಗೆ ಆ ಹಕ್ಕು ಇಲ್ಲದಂತೆಯೇ. ಹೀಗೆ, ನಾಳೆಯ ಚಿಂತೆ ಮಾಡಿದವನು ಇಂದಿನಿಂದ ಏನನ್ನಾದರೂ ಕಡ ತೆಗೆಯಲೇಬೇಕು.

2005ರ ಏಪ್ರಿಲ್ ತಿಂಗಳಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಡ್ರಾಫ್ಟಿನಲ್ಲಿ ಇಬ್ಬರು ತರುಣರ ಹೆಸರು ಮುಂಚೂಣಿಯಲ್ಲಿತ್ತು. ಒಬ್ಬ ಅಲೆಕ್ಸ್ ಸ್ಮಿತ್, ಇನ್ನೊಬ್ಬ ಆರನ್ ರಾಜರ್ಸ್. ಮೊದಲ ಸರದಿಯ ಸ್ಯಾನ್ ಫ್ರಾನ್ಸಿಸ್ಕೊ ತಂಡ ಸ್ಮಿತ್‌ನನ್ನು ಆರಿಸಿತು. ರಾಜರ್ಸ್ ಗಂಟೆಗಟ್ಟಲೆ ಕಾದು ಕುಳಿತ; ತಂಡದ ಮೇಲೆ ತಂಡ ಅವನನ್ನು ದಾಟಿಹೋಯಿತು. ಕೊನೆಗೆ 24ನೆಯವನಾಗಿ ಅವನನ್ನು ಕರೆದದ್ದು ಗ್ರೀನ್ ಬೇ ಊರಿನ ಪ್ಯಾಕರ್ಸ್ ತಂಡ. ಅಲ್ಲಿ ಬ್ರೆಟ್ ಫಾವ್ರ್ ಎಂಬ ದಿಗ್ಗಜ 1992ರಿಂದ ಒಂದು ಪಂದ್ಯವನ್ನೂ ತಪ್ಪಿಸದೆ ಆಡುತ್ತಿದ್ದ. ಅವನಿಗಾಗ 35 ವರ್ಷ, ರಾಜರ್ಸ್‌ಗೆ 21.

ಇಪ್ಪತ್ತೊಂದೂ ತುಂಬದ ಸ್ಮಿತ್‌ನನ್ನು, ಹಿಂದಿನ ವರ್ಷ 16 ಪಂದ್ಯಗಳಲ್ಲಿ ಕೇವಲ ಎರಡನ್ನು ಗೆದ್ದಿದ್ದ ದುರ್ಬಲ ತಂಡ ಆ ವರ್ಷವೇ ಕಣಕ್ಕಿಳಿಸಿತು. ಅವನ ಎಸೆತದಿಂದ ಬಂದ ಟಚ್‌ಡೌನ್ ಒಂದು. ಎದುರಾಳಿಯ ಕೈಸೇರಿದ ಎಸೆತಗಳು ಹನ್ನೊಂದು. ಮುಂದಿನ ವರ್ಷಗಳಲ್ಲಿ ಅವನಿಗೆ ಪಾಠ ಹೇಳುವವರು ಮೇಲಿಂದ ಮೇಲೆ ಬದಲಾದರು. ಒಬ್ಬರು ಕಲಿಸಿದ ಭಾಷೆ ನಾಲಗೆಗೆ ಹತ್ತುವಷ್ಟರಲ್ಲಿ ಇನ್ನೊಬ್ಬರು ಬಂದು ಅಕ್ಷರಾಭ್ಯಾಸದಿಂದ ಆರಂಭಿಸುತ್ತಿದ್ದರು. ರಾಜರ್ಸ್ ಮಾತ್ರ ಮೂರು ವರ್ಷ ಫಾವ್ರ್‌ನ ಹಿಂದೆ ನಿಂತು ನೋಡಿದ. ಚೆಂಡನ್ನು ಕಿವಿಯ ಮಟ್ಟಕ್ಕೆ ಎತ್ತಿ ಹಿಡಿಯುವ ಕಾಲೇಜಿನ ಅಭ್ಯಾಸವನ್ನು ತಿದ್ದಿಕೊಂಡ. ತಪ್ಪುಗಳನ್ನು ಅಭ್ಯಾಸದ ಬಯಲಿನಲ್ಲಿ ಮಾಡಿದ. ಎಪ್ಪತ್ತು ಸಾವಿರ ಜನರೆದುರು ಮಾಡುವ ಪ್ರಸಂಗ ಬರಲಿಲ್ಲ. 2008ರಲ್ಲಿ ಅವನ ಸರದಿ ಬಂದಾಗಲೂ ಮೊದಲ ವರ್ಷ ತಂಡ ಆರು ಪಂದ್ಯ ಗೆದ್ದು ಹತ್ತು ಸೋತಿತು. ಆದರೆ 2011ರ ಫೆಬ್ರುವರಿಯಲ್ಲಿ ಪಿಟ್ಸ್‌ಬರ್ಗ್ ತಂಡವನ್ನು 31-25ರಿಂದ ಮಣಿಸಿ ಸೂಪರ್ ಬೌಲ್ ಕಿರೀಟವನ್ನು ಊರಿಗೆ ತಂದವನು ಅವನೇ.

ಬೆಳೆಸಬೇಕೆನ್ನುವವರ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ತಾಳಿದವನು ಬಾಳಿಯಾನು ಎಂದು ಇಲ್ಲಿಗೇ ಮಾತು ಮುಗಿಸಬಹುದಾಗಿತ್ತು. ಆದರೆ ಒಂದು ಕಥೆಯಿಂದ ಒಂದು ನೀತಿಯನ್ನು ಹಿಂಡುವುದು ಮಕ್ಕಳ ಪಠ್ಯಪುಸ್ತಕಕ್ಕೆ ಸಲ್ಲುವ ಕ್ರಮ. ಕಾದದ್ದರಿಂದ ರಾಜರ್ಸ್ ಬೆಳೆದನೆ, ಅಥವಾ ಬೆಳೆಯುವ ಶಕ್ತಿ ಅವನಲ್ಲಿ ಮೊದಲೇ ಇತ್ತೆ? ಹೇಳುವುದು ಸುಲಭವಲ್ಲ. 1998ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಪೇಟನ್ ಮ್ಯಾನಿಂಗ್ ಒಂದು ದಿನವೂ ಕಾಯಲಿಲ್ಲ. ಮೊದಲ ವರ್ಷ ಅವನ 28 ಎಸೆತಗಳು ಎದುರಾಳಿಗಳ ಪಾಲಾದುವು. ತಂಡ 13 ಪಂದ್ಯಗಳನ್ನು ಸೋತಿತು. ಮರುವರ್ಷ ಅದೇ ತಂಡ 13 ಪಂದ್ಯಗಳನ್ನು ಗೆದ್ದಿತು. ಕೆಲವರು ನೀರಿಗೆ ಬಿದ್ದೇ ಈಜು ಕಲಿಯುತ್ತಾರೆ. ಇನ್ನು ಕೆಲವರು ಬಿದ್ದು ಏಳುವುದೇ ಇಲ್ಲ. 2002ರಲ್ಲಿ ಹ್ಯೂಸ್ಟನ್ನಿನ ಹೊಸ ತಂಡ ಮೊದಲನೆಯವನಾಗಿ ಆರಿಸಿದ ಡೇವಿಡ್ ಕಾರ್, ರಕ್ಷಣೆಯಿಲ್ಲದೆ ಒಂದೇ ವರ್ಷದಲ್ಲಿ 76 ಸಲ ನೆಲಕ್ಕೆ ಬಿದ್ದ. ಆ ತಂಡದಲ್ಲಿದ್ದಷ್ಟು ಕಾಲವೂ ಅವನ ಪ್ರತಿಭೆ ನಿರೀಕ್ಷೆಯ ಮಟ್ಟಕ್ಕೆ ಏರಲಿಲ್ಲ.

ಹಾಗಾದರೆ ಬೆಂಚಿನ ಮೇಲೆ ಕುಳಿತವನು ನಿಜವಾಗಿ ಕಲಿಯುವುದೇನು? ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಾರದ ಅಭ್ಯಾಸದಲ್ಲಿ ಬಹುಪಾಲು ಅವಕಾಶ ಮೊದಲನೆಯವನಿಗೆ ಹೋಗುತ್ತದೆ. ಎರಡನೆಯವನು ಹೆಚ್ಚಾಗಿ ಮಾಡುವುದು ಮುಂದಿನ ಎದುರಾಳಿಯ ವೇಷ ಕಟ್ಟುವ ಕೆಲಸ. ತನ್ನ ತಂಡದ ರಕ್ಷಕರಿಗೆ ಅಭ್ಯಾಸವಾಗಲೆಂದು ಅವನು ಬೇರೊಬ್ಬರ ಹೂಟಗಳನ್ನು ಅನುಕರಿಸಿ ತೋರಿಸುತ್ತಾನೆ. 2011ರಲ್ಲಿ ಆಟಗಾರರ ಸಂಘಕ್ಕೂ ಒಡೆಯರಿಗೂ ಆದ ಒಪ್ಪಂದ, ರಕ್ಷಾಕವಚ ತೊಟ್ಟು ನಡೆಸುವ ಅಭ್ಯಾಸಗಳನ್ನು ಪಂದ್ಯಾವಳಿಯ ಕಾಲದಲ್ಲಿ 14ಕ್ಕೆ ಮಿತಿಗೊಳಿಸಿತು. ಆಟಗಾರರ ಮೈಗೆ ಇದು ಹಿತ; ಕಲಿಯುವವನಿಗೆ ಮಾತ್ರ ಪಾಠದ ಗಂಟೆಗಳು ಕಡಿಮೆಯಾದುವು. ಆದ್ದರಿಂದ ಕುಳಿತುಕೊಂಡಿರುವುದೇ ಶಿಕ್ಷಣವಲ್ಲ. ಬದಿಗೆ ನಿಂತವನಿಗೆ ಪ್ರತ್ಯೇಕವಾಗಿ ಪಾಠ ಹೇಳುವವರಿದ್ದರೆ, ಆ ಪಾಠ ವರ್ಷದಿಂದ ವರ್ಷಕ್ಕೆ ಒಂದೇ ಕ್ರಮದಲ್ಲಿ ಮುಂದುವರಿದರೆ, ಅಂಥ ಕಾಯುವಿಕೆಗೆ ಅರ್ಥವುಂಟು. ಇಲ್ಲವಾದರೆ ಅದು ಕೇವಲ ವಯಸ್ಸು ಕಳೆಯುವ ಬಗೆ.

ಅದೇ 2011ರ ಒಪ್ಪಂದ ಹಣದ ಲೆಕ್ಕವನ್ನೂ ತಲೆಕೆಳಗು ಮಾಡಿತು. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಗಳಿಗೆ 7.8 ಕೋಟಿ ಡಾಲರಿನ ಕರಾರು. ಅದರಲ್ಲಿ 5 ಕೋಟಿ ಖಚಿತ. ಮರುವರ್ಷ ಅದೇ ಸ್ಥಾನದಲ್ಲಿ ಬಂದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಗಳಿಗೆ ಸುಮಾರು 2.2 ಕೋಟಿ. ಎಳೆಯರು ಅಗ್ಗವಾದರು. 1994ರಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿಯಿರುವುದರಿಂದ, ಕ್ವಾರ್ಟರ್‌ಬ್ಯಾಕ್ ಅಗ್ಗವಾದಷ್ಟೂ ಉಳಿದವರಿಗೆ ಹೆಚ್ಚು ಕೊಡಬಹುದು. ಆದರೆ ಈ ಅಗ್ಗದ ಕರಾರಿನ ಆಯುಷ್ಯ ನಾಲ್ಕು ವರ್ಷ. ಮೊದಲ ಸುತ್ತಿನವನಾದರೆ ಐದನೆಯ ವರ್ಷವನ್ನು ತಂಡ ಬೇಕಾದರೆ ಸೇರಿಸಿಕೊಳ್ಳಬಹುದು. ಮೂರು ವರ್ಷ ಕೂರಿಸಿದರೆ ಅಗ್ಗದ ಕಾಲವೆಲ್ಲ ಕೂರಿಸುವುದರಲ್ಲಿಯೇ ಕಳೆದುಹೋಗುತ್ತದೆ. ರಾಜರ್ಸ್‌ನ ದಾರಿ ಇಂದಿಗೆ ದುಬಾರಿಯಾಗಿರುವುದು ಹೀಗೆ.

ಈ ಹೊಸ ಲೆಕ್ಕಕ್ಕೆ ಹೊಂದುವ ಉದಾಹರಣೆಯೊಂದನ್ನು ನೋಡೋಣ. ಅದರಲ್ಲಿ ನಮ್ಮ ಅಲೆಕ್ಸ್ ಸ್ಮಿತ್ ಮತ್ತೆ ಕಾಣಿಸಿಕೊಳ್ಳುತ್ತಾನೆ. ಆರು ವರ್ಷ ತಡಕಾಡಿದ ಮೇಲೆ, 2011ರಲ್ಲಿ, ಒಳ್ಳೆಯ ಗುರು ದೊರೆತೊಡನೆ ಅವನ ತಂಡ 13 ಪಂದ್ಯಗಳನ್ನು ಗೆದ್ದಿತು. ಮರುವರ್ಷ ತಲೆಗೆ ಪೆಟ್ಟು ಬಿದ್ದು ಹೊರಗುಳಿದಾಗ ಅವನ ಸ್ಥಾನ ಕಾಲಿನ್ ಕ್ಯಾಪರ್ನಿಕ್ ಎಂಬ ಕಿರಿಯನ ಪಾಲಾಯಿತು. 2013ರಲ್ಲಿ ಸ್ಮಿತ್ ಕ್ಯಾನ್ಸಸ್ ಸಿಟಿಗೆ ಹೋದ, ಅಲ್ಲಿ ಹಿರಿಯನೆನಿಸಿದ. 2017ರಲ್ಲಿ ಆ ತಂಡ, ಮರುವರ್ಷದ ಮೊದಲ ಸುತ್ತಿನ ಹಕ್ಕನ್ನೂ ತೆತ್ತು, 27ನೆಯ ಸರದಿಯಿಂದ ಹತ್ತಕ್ಕೆ ಏರಿ, ಪ್ಯಾಟ್ರಿಕ್ ಮಹೋಮ್ಸ್ ಎಂಬ ತರುಣನನ್ನು ಆರಿಸಿಕೊಂಡಿತು. ಅದು ಯಾರ ಸ್ಥಾನಕ್ಕೆಂದು ಸ್ಮಿತ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ವರ್ಷ ಸ್ಮಿತ್ ಆಡಿದ ಆಟ ಅವನ ಜೀವಮಾನದ ಶ್ರೇಷ್ಠ ಆಟ. ಎಸೆತದ ಅಂಕದಲ್ಲಿ ಇಡೀ ಲೀಗಿಗೇ ಅವನು ಮೊದಲಿಗ. ಹಾಗೆ ಆಡುತ್ತಲೇ ಅವನು ಮಹೋಮ್ಸ್‌ನನ್ನು ಹತ್ತಿರ ಕೂರಿಸಿಕೊಂಡು, ವಾರದ ಪಾಠವನ್ನು ಹೇಗೆ ಓದಬೇಕು, ಎದುರಾಳಿಯನ್ನು ಹೇಗೆ ಅರಿಯಬೇಕು ಎಂಬುದನ್ನು ತೋರಿಸಿಕೊಟ್ಟ. ಮಹೋಮ್ಸ್ ಆ ಋಣವನ್ನು ಬಹಿರಂಗವಾಗಿ ಹಲವು ಬಾರಿ ನೆನೆದಿದ್ದಾನೆ. ತಾನು ಎಳೆಯನಾಗಿದ್ದಾಗ ತನಗೆ ಯಾವುದು ದೊರೆಯಲಿಲ್ಲವೋ ಅದನ್ನೇ ಸ್ಮಿತ್ ತನ್ನ ಸ್ಥಾನವನ್ನು ಕಸಿದುಕೊಳ್ಳಲಿದ್ದವನಿಗೆ ಕೊಟ್ಟ. ಆ ವರ್ಷ ಮಹೋಮ್ಸ್ ಆರಂಭದಿಂದ ಆಡಿದ್ದು ಕೊನೆಯ ಒಂದು ಪಂದ್ಯ ಮಾತ್ರ. 2018ರಲ್ಲಿ ಸ್ಥಾನ ಅವನದಾಯಿತು. ಅವನ ಎಸೆತಗಳಿಂದ 50 ಟಚ್‌ಡೌನ್‌ಗಳು ಬಂದುವು. 2020, 2023, 2024ರಲ್ಲಿ ಸೂಪರ್ ಬೌಲ್ ಕಿರೀಟಗಳು ಬಂದುವು. ಕಾದದ್ದು ಒಂದೇ ವರ್ಷ. ಅಗ್ಗದ ಕರಾರು ಮುಗಿಯುವ ಮೊದಲೇ ಮೊದಲ ಫಲ ಕೈಸೇರಿತ್ತು.

ಇದಕ್ಕೆ ಪ್ರತಿಯಾದ ಕಥೆಯೂ ಉಂಟು. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ, ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಹಕ್ಕುಗಳನ್ನು ತೆತ್ತು, ಹನ್ನೆರಡರಿಂದ ಮೂರನೆಯ ಸರದಿಗೆ ಏರಿ, ಟ್ರೇ ಲ್ಯಾನ್ಸ್ ಎಂಬ ತರುಣನನ್ನು ತಂದಿತು. ಕಾಲೇಜಿನಲ್ಲಿಯೇ ಅವನು ಪೂರ್ತಿಯಾಗಿ ಆಡಿದ್ದು ಒಂದೇ ವರ್ಷ. ಒಂದು ವರ್ಷ ಹಿರಿಯನ ಹಿಂದೆ ಕಾದ. ಎರಡನೆಯ ವರ್ಷ ಸ್ಥಾನ ದೊರೆತೊಡನೆಯೇ ಕಾಲಿನ ಗಿಣ್ಣು ಮುರಿಯಿತು. 2023ರ ಆಗಸ್ಟಿನಲ್ಲಿ ಅವನನ್ನು ನಾಲ್ಕನೆಯ ಸುತ್ತಿನ ಒಂದು ಹಕ್ಕಿಗೆ ಬೇರೆ ತಂಡಕ್ಕೆ ಕೊಟ್ಟರು. ಅಷ್ಟರಲ್ಲಿ, 2022ರ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಕೊನೆಯವನಾಗಿ, 262ನೆಯವನಾಗಿ ಬಂದ ಬ್ರಾಕ್ ಪರ್ಡಿ ಅದೇ ತಂಡದ ನಾಯಕನಾಗಿದ್ದ. 2024ರ ಫೆಬ್ರುವರಿಯಲ್ಲಿ ಅದನ್ನು ಸೂಪರ್ ಬೌಲ್‌ವರೆಗೆ ಒಯ್ದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತೆಂದು ಆಡಿಕೊಳ್ಳುವುದು ಸುಲಭ. ಆದರೆ ಅವನನ್ನು ಆರಿಸಿದ ದಿನ ಅದು ಬೆಣ್ಣೆಯೆಂದು ಆ ತಂಡಕ್ಕೂ ತಿಳಿದಿರಲಿಲ್ಲ. ತಿಳಿದಿದ್ದರೆ ಕೊನೆಯ ಸರದಿಯವರೆಗೆ ಯಾರು ತಾನೆ ಕಾಯುತ್ತಿದ್ದರು? ಇಲ್ಲಿ ಕಲಿಯಬೇಕಾದದ್ದು ಬೆಲೆಯ ಪಾಠ. ಯಾರೂ ಖಚಿತವಾಗಿ ಅಳೆಯಲಾರದ ವಸ್ತುವಿಗೆ ಮನೆಮಾರು ಒತ್ತೆಯಿಡಬಾರದು.

ಇನ್ನು, ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದ್ದ ಊರಿಗೇ ಮರಳೋಣ. 2020ರ ಡ್ರಾಫ್ಟಿನ ವೇಳೆಗೆ ರಾಜರ್ಸ್‌ಗೆ 36 ವರ್ಷ. ಹಿಂದಿನ ಪಂದ್ಯಾವಳಿಯಲ್ಲಿ ಗ್ರೀನ್ ಬೇ 13 ಪಂದ್ಯ ಗೆದ್ದು, ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಕೆಳಗೆ ಮುಗ್ಗರಿಸಿತ್ತು. ಎಸೆದ ಚೆಂಡನ್ನು ಹಿಡಿಯಬಲ್ಲ ಇನ್ನೊಬ್ಬ ಸಮರ್ಥ ಬಂದರೆ ಸಾಕೆಂದು ಊರಿಗೆ ಊರೇ ಹೇಳುತ್ತಿತ್ತು. ತಂಡವಾದರೋ, ಮುಂದಿನ ಸರದಿಗಾಗಿ ಬೆಲೆ ತೆತ್ತು, 26ನೆಯವನಾಗಿ ಜಾರ್ಡನ್ ಲವ್ ಎಂಬ ಎಳೆಯ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತು. ಹದಿನೈದು ವರ್ಷದ ಹಿಂದೆ ತಾನು ಫಾವ್ರ್‌ನ ಬೆನ್ನ ಹಿಂದೆ ಬಂದು ನಿಂತಂತೆ, ಈಗ ತನ್ನ ಬೆನ್ನ ಹಿಂದೆ ಒಬ್ಬನಿದ್ದಾನೆಂಬುದು ರಾಜರ್ಸ್‌ಗೆ ಹಿತವಾಗಲಿಲ್ಲ. ಅದರ ಪ್ರತಿಫಲ ವಿಚಿತ್ರವಾಗಿತ್ತು: 2020, 2021ರಲ್ಲಿ ಸಾಲಾಗಿ ಎರಡು ವರ್ಷ ಅವನೇ ಲೀಗಿನ ಅತ್ಯುತ್ತಮ ಆಟಗಾರ. ಆದರೂ ಕಿರೀಟ ಬರಲಿಲ್ಲ. 2021ರ ಜನವರಿಯಲ್ಲಿ ತಮ್ಮ ಬಯಲಿನಲ್ಲಿಯೇ ಟ್ಯಾಂಪಾ ಬೇ ತಂಡಕ್ಕೆ 31-26ರಿಂದ ಸೋಲು. ಮರುವರ್ಷ ಅದೇ ಬಯಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ 13-10ರಿಂದ ಸೋಲು. ಐದು ಅಂಕ, ಮೂರು ಅಂಕ. ಆ 26ನೆಯ ಸರದಿಯಲ್ಲಿ ಬೇರೊಬ್ಬ ಬಂದಿದ್ದರೆ ಈ ಅಂತರ ತುಂಬುತ್ತಿತ್ತೆ? ತುಂಬುತ್ತಿರಲಿಲ್ಲವೆಂದು ಯಾರೂ ಆಣೆಯಿಟ್ಟು ಹೇಳಲಾರರು. ಬೆಳೆಸುವ ನೀತಿಯನ್ನು ಸಮರ್ಥಿಸುವವರು ಈ ಎರಡು ಸಂಜೆಗಳನ್ನು ತಮ್ಮ ಲೆಕ್ಕದ ಖರ್ಚಿನ ಕಡೆ ಬರೆದುಕೊಳ್ಳಲೇಬೇಕು.

ಜಮೆಯ ಕಡೆ ಏನಿದೆ? 2023ರಲ್ಲಿ ರಾಜರ್ಸ್ ನ್ಯೂಯಾರ್ಕಿನ ಜೆಟ್ಸ್ ತಂಡಕ್ಕೆ ಹೋದ. 2008ರಲ್ಲಿ ಫಾವ್ರ್ ಹೋದದ್ದೂ ಅದೇ ತಂಡಕ್ಕೆ. ಅಲ್ಲಿ ಮೊದಲ ಪಂದ್ಯದ ನಾಲ್ಕನೆಯ ಯತ್ನದಲ್ಲಿಯೇ ಅವನ ಹಿಮ್ಮಡಿಯ ನರ ಹರಿಯಿತು. ಇತ್ತ ಮೂರು ವರ್ಷ ಕಾದಿದ್ದ ಲವ್ ಮೊದಲ ವರ್ಷವೇ ತಂಡವನ್ನು ನಾಕೌಟ್ ಹಂತಕ್ಕೆ ಒಯ್ದು, ಡಲ್ಲಾಸ್ ತಂಡವನ್ನು ಅದರ ಮನೆಯಲ್ಲಿಯೇ 48-32ರಿಂದ ಸೋಲಿಸಿದ. ಹಿರಿಯನು ಬಿದ್ದ ವರ್ಷವೇ ಕಿರಿಯನು ಎದ್ದು ನಿಂತಿದ್ದ. ಎಷ್ಟೋ ತಂಡಗಳು ಒಬ್ಬ ಯೋಗ್ಯ ಕ್ವಾರ್ಟರ್‌ಬ್ಯಾಕ್‌ಗಾಗಿ ದಶಕಗಟ್ಟಲೆ ಹಂಬಲಿಸಿವೆ. ಗ್ರೀನ್ ಬೇ ಮಾತ್ರ 1992ರಿಂದ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲವನ್ನು ಮೂವರೇ ನಾಯಕರಲ್ಲಿ ಸಾಗಿಸಿದೆ.

ಈ ತಾಳ್ಮೆ ಆ ಊರಿಗೆ ಬಂದದ್ದು ಹೇಗೆ? ಗ್ರೀನ್ ಬೇ ಸುಮಾರು ಒಂದು ಲಕ್ಷ ಜನರ ಸಣ್ಣ ಪಟ್ಟಣ. ಅಲ್ಲಿಯ ತಂಡಕ್ಕೆ ಒಬ್ಬ ಧನಿಕ ಒಡೆಯನಿಲ್ಲ. 1923ರಿಂದಲೂ ಅದು ಷೇರುದಾರರಾದ ಸಾಮಾನ್ಯ ಜನರ ಸ್ವತ್ತು. ಈ ವರ್ಷ ಗೆಲ್ಲದಿದ್ದರೆ ಎಲ್ಲರನ್ನೂ ಮನೆಗೆ ಕಳಿಸುತ್ತೇನೆಂದು ಗದರುವ ಯಜಮಾನ ಅಲ್ಲಿಲ್ಲ. ಮಾವಿನ ಸಸಿಯನ್ನು ನೆಡುವವನಿಗೆ ಆ ಹೊಲ ನಾಳೆಯೂ ತನ್ನದೆಂಬ ನಂಬಿಕೆ ಇರಬೇಕು. ಎರಡು ವರ್ಷಕ್ಕೊಮ್ಮೆ ಗೇಣಿದಾರರನ್ನು ಬದಲಿಸುವ ಹೊಲದಲ್ಲಿ ಯಾರೂ ಮಾವು ನೆಡುವುದಿಲ್ಲ. ರಾಗಿ ಬಿತ್ತಿ ಕೊಯ್ದುಕೊಂಡು ಹೋಗುತ್ತಾರೆ. ತರಬೇತುದಾರರನ್ನು ಆಗಾಗ ಕಿತ್ತೊಗೆಯುವ ತಂಡಗಳಲ್ಲಿ ಎಳೆಯರು ಅವಸರದಿಂದ ಕಣಕ್ಕೆ ದೂಡಲ್ಪಡುವುದಕ್ಕೆ ಇದೊಂದು ಕಾರಣ. ತಮಗೇ ನಾಳೆಯಿಲ್ಲದವರು ಇನ್ನೊಬ್ಬನ ನಾಳೆಯನ್ನು ಕಾಯ್ದಿಡುವುದು ಹೇಗೆ?

ಇಷ್ಟನ್ನೂ ತೂಗಿ ನೋಡಿದರೆ ನನಗೆ ತೋರುವ ಉತ್ತರವಿದು. ಹಿರಿಯನು ಸಮರ್ಥನಾಗಿದ್ದು ಅವನ ವಯಸ್ಸು ಮೂವತ್ತೈದರ ಆಸುಪಾಸಿಗೆ ಬಂದಿದ್ದರೆ, ಕಿರಿಯನನ್ನು ತರುವುದು ಲೇಸು. ಆದರೆ ಮೂರು ನಿಬಂಧನೆಗಳುಂಟು. ತನ್ನ ಸರದಿಗೆ ಹತ್ತಿರದಲ್ಲಿಯೇ ದೊರೆಯುವವನನ್ನು ತರಬೇಕು. ಹಲವು ವರ್ಷಗಳ ಹಕ್ಕನ್ನು ಒಬ್ಬನಿಗೇ ಸುರಿಯಬಾರದು. ಪಾಠ ಹೇಳುವವರು ಆ ಪಾಠ ಮುಗಿಯುವತನಕ ಅಲ್ಲಿಯೇ ಇರುವಂತಿರಬೇಕು. ಕಾಯುವ ಅವಧಿ ಒಂದೆರಡು ವರ್ಷಕ್ಕೆ ಮೀರದಿರುವುದು ಮೇಲು. ಕರಾರಿನ ಲೆಕ್ಕವೂ ಅದನ್ನೇ ಹೇಳುತ್ತದೆ, ತರುಣನ ಮನಸ್ಸಿನ ಲೆಕ್ಕವೂ ಅದನ್ನೇ ಹೇಳುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಹಿರಿಯನಿಗೆ ನೆರವು ತಂದುಕೊಟ್ಟು ಈ ವರ್ಷದ ಕಣವನ್ನೇ ಗೆಲ್ಲಲು ಯತ್ನಿಸುವುದು ಹೆಚ್ಚು ಪ್ರಾಮಾಣಿಕವಾದ ದಾರಿ.

ನಾಲ್ಕನೆಯದೊಂದಿದೆ, ಅದನ್ನು ನಿಬಂಧನೆಯೆಂದು ಯಾವ ಕರಾರಿನಲ್ಲಿಯೂ ಬರೆಯಲಾಗದು. ಹಿರಿಯನು ಎಂಥವನು ಎಂಬುದು. 2018ರ ನವೆಂಬರಿನಲ್ಲಿ, ವಾಷಿಂಗ್ಟನ್ ತಂಡಕ್ಕೆ ಆಡುತ್ತಿದ್ದಾಗ, ಅಲೆಕ್ಸ್ ಸ್ಮಿತ್‌ನ ಬಲಗಾಲು ಮೊಣಕಾಲ ಕೆಳಗೆ ಮುರಿಯಿತು. ಗಾಯ ಕೀತು, ಜೀವಕ್ಕೇ ಸಂಚಕಾರ ಬಂದು, 17 ಶಸ್ತ್ರಚಿಕಿತ್ಸೆಗಳಾದುವು. 2020ರ ಅಕ್ಟೋಬರಿನಲ್ಲಿ ಅವನು ಮತ್ತೆ ಕಣಕ್ಕಿಳಿದ, ಮರುವರ್ಷ ನಿವೃತ್ತನಾದ. ಅವನ ಹೆಸರಿನಲ್ಲಿ ಒಂದು ಸೂಪರ್ ಬೌಲ್ ಕಿರೀಟವೂ ಇಲ್ಲ. 2005ರ ಆ ದಿನ ಮೊದಲನೆಯವನಾಗಿ ಆಯ್ಕೆಯಾದವನ ಜಮಾಖರ್ಚು ಅಷ್ಟೇ ಎಂದು ದಾಖಲೆಯ ಪುಸ್ತಕ ಹೇಳೀತು. ಆದರೆ ಕ್ಯಾನ್ಸಸ್ ಸಿಟಿಯಲ್ಲಿ 2017ರ ಆ ಒಂದು ವರ್ಷ ಒಬ್ಬ ಕಿರಿಯನು ಯಾರ ಪಕ್ಕದಲ್ಲಿ ಕುಳಿತು ನೋಡುವುದನ್ನು ಕಲಿತನೋ, ಆ ಹಿರಿಯನ ಪಾಲು ಅಲ್ಲಿಯ ಕಿರೀಟಗಳಲ್ಲಿ ಇಲ್ಲವೆನ್ನಲು ನನಗೆ ಮನಸ್ಸು ಬಾರದು.